ಹೆದ್ದಾರಿ ಊರಾಚೆ ಹೋದ ಮೇಲೆ ಬೋರ್ಡು ಯಾರಿಗೆ? ಮಂಡ್ಯದ ಒಂದು ಗಾಣದೆಣ್ಣೆ ಅಂಗಡಿಯ ಪ್ರಕರಣ

ಮಂಡ್ಯ ಊರೊಳಗೆ ಹಾದುಹೋಗುವ ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಒಂದು ಅಂಗಡಿ. ಮರದ ಗಾಣದ ಎಣ್ಣೆ, ಬೆಲ್ಲ, ಒಂದಿಷ್ಟು ಸಿರಿಧಾನ್ಯ. ಗಂಡ-ಹೆಂಡತಿ ಸೇರಿ ನಡೆಸುತ್ತಾರೆ, ಗಾಣದ ಹತ್ತಿರ ಒಬ್ಬ ಹುಡುಗ ಇದ್ದಾನೆ. ಹೆಸರುಗಳು ಇಲ್ಲಿ ಬೇಡ. ನಾನು ಮೈಸೂರಿನಲ್ಲಿ ಅಂಗಡಿ ಬೋರ್ಡು ಡಿಸೈನ್ ಮಾಡುವವನು, ಇವರ ಬೋರ್ಡು ಬದಲಾಯಿಸುವ ಕೆಲಸ ನನಗೆ ಬಂತು. ಆ ಕೆಲಸ ಹೇಗೆ ನಡೆಯಿತು ಅಂತ ಪೂರ್ತಿ ಬರೆಯುತ್ತಿದ್ದೇನೆ. ಯಾಕೆಂದರೆ ಬೋರ್ಡು ಅಂದ ಕೂಡಲೇ ಎಲ್ಲರೂ ಸೈಜು, ಬಣ್ಣ, ಲೈಟು ಅಂತ ಮಾತು ಶುರು ಮಾಡುತ್ತಾರೆ. ಅದನ್ನು ಓದುವವರು ಯಾರು, ಎಲ್ಲಿ ನಿಂತು ಓದುತ್ತಾರೆ, ಎಷ್ಟು ಹೊತ್ತು ಓದುತ್ತಾರೆ ಅನ್ನೋ ಮಾತು ಬರೋದೇ ಇಲ್ಲ.

ಮೊದಲು ಜಾಗ ಹೇಗಿದೆ ನೋಡಿ. ಅಂಗಡಿ ದಕ್ಷಿಣಕ್ಕೆ ಮುಖ ಮಾಡಿದೆ, ಅಂದರೆ ಮೈಸೂರಿನಿಂದ ಬೆಂಗಳೂರಿಗೆ ಹೋಗುವ ವಾಹನಗಳ ಎಡಬದಿಯಲ್ಲಿದೆ. ರಸ್ತೆ ಮಧ್ಯೆ ಡಿವೈಡರ್. ಆಚೆ ಕಡೆಯವರು ನೋಡಿದರೂ ಸುಲಭವಾಗಿ ಈಚೆ ಬರೋಕಾಗಲ್ಲ. ಹಿಂದೆ ಇದೇ ಜಾಗ ಇವರಿಗೆ ವರ ಆಗಿತ್ತು. ಶನಿವಾರ ಭಾನುವಾರ ಮೈಸೂರು ಸುತ್ತಾಡಿ ವಾಪಸ್ ಹೋಗೋ ಬೆಂಗಳೂರಿನವರು ಮಂಡ್ಯದಲ್ಲಿ ನಿಲ್ಲಿಸಿ ಬೆಲ್ಲ ತಗೊಂಡು ಹೋಗುತ್ತಿದ್ದರು. ಹೋಗುವಾಗ ಯಾರೂ ಬೆಲ್ಲ ಕೊಳ್ಳಲ್ಲ, ಬರುವಾಗಲೇ ಕೊಳ್ಳೋದು. ಎಡಕ್ಕೆ ತಿರುಗಿಸಿದರೆ ಅಂಗಡಿ, ಕಾರು ನಿಲ್ಲಿಸೋಕೆ ಜಾಗವೂ ಇತ್ತು.

ಆಗಿನ ಬೋರ್ಡು ಈ ಗಿರಾಕಿಗಳಿಗೆ ಸರಿಯಾಗಿಯೇ ಇತ್ತು, ಅದನ್ನು ಬೈಯುವ ಹಾಗಿಲ್ಲ. ಅಂಗಡಿ ಅಗಲಕ್ಕೆ ಹನ್ನೆರಡು ಅಡಿ ಫ್ಲೆಕ್ಸು. ಇಂಗ್ಲಿಷಿನಲ್ಲಿ ದಪ್ಪಕ್ಕೆ ಎರಡೇ ಪದ, ಆರ್ಗಾನಿಕ್ ಜ್ಯಾಗರಿ. ಕೆಳಗೆ ಕಬ್ಬಿನ ಚಿತ್ರ, ಅದರ ಕೆಳಗೆ ಸಣ್ಣದಾಗಿ ಕನ್ನಡದಲ್ಲಿ ಮನೆದೇವರ ಹೆಸರಿರುವ ಅಂಗಡಿಯ ಹೆಸರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೆ. 50 ಮೀಟರ್ ದೂರದಿಂದ ಬೋರ್ಡು ಕಂಡರೂ ಡ್ರೈವರ್ ಕೈಗೆ ಸಿಗೋದು ಮೂರು ಸೆಕೆಂಡು. ಅಷ್ಟರಲ್ಲಿ ಓದಬೇಕು, ಪಕ್ಕದಲ್ಲಿ ಕೂತಿರೋ ಹೆಂಡತಿಯನ್ನ ‘ಬೇಕಾ’ ಅಂತ ಕೇಳಬೇಕು, ಬ್ರೇಕ್ ಹಾಕಬೇಕು. ಅಂಥವರಿಗೆ ಎರಡು ಪದವೇ ಸರಿ. ಮೂರನೇ ಪದ ಹಾಕಿದ್ದರೆ ವ್ಯರ್ಥ.

ಆಮೇಲೆ ಎಕ್ಸ್‌ಪ್ರೆಸ್‌ವೇ ಬಂತು. 2023ರ ಮಾರ್ಚ್ 12ರಂದು ಪ್ರಧಾನಿ ಬಂದು ಉದ್ಘಾಟನೆ ಮಾಡಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರಿಗೂ ಬೈಪಾಸು ಇಲ್ಲವೇ ಮೇಲ್ಸೇತುವೆ. ಕಾರಿನವರಿಗೆ ಖುಷಿಯೋ ಖುಷಿ. ರಸ್ತೆ ಬದಿಯ ವಡೆ ಅಂಗಡಿ, ಬೊಂಬೆ ಅಂಗಡಿ, ಎಳನೀರಿನವರ ಗೋಳು ಆಗ ಪೇಪರಿನಲ್ಲೂ ಬಂದಿತ್ತು. ಇವರ ಅಂಗಡಿಯದ್ದೂ ಅದೇ ಕಥೆ. ಭಾನುವಾರ ಸಂಜೆ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದ ಕಾರುಗಳು ನಿಂತೇ ಹೋದವು.

ಯಜಮಾನರು ನನ್ನನ್ನು ಕರೆಸಿದಾಗ ಅವರ ತಲೆಯಲ್ಲಿ ಉತ್ತರ ಆಗಲೇ ರೆಡಿ ಇತ್ತು. ಇದೇ ಬೋರ್ಡನ್ನು ಇನ್ನೂ ದೊಡ್ಡದು ಮಾಡಬೇಕು, ಅಕ್ಷರ ಓಡುವ ಎಲ್‌ಇಡಿ ಹಾಕಬೇಕು, ಆಗುವುದಾದರೆ ಬೈಪಾಸು ಕವಲೊಡೆಯುವ ಕಡೆ ಒಂದು ಹೋರ್ಡಿಂಗು. ವ್ಯಾಪಾರ ಇಳಿದಾಗ ಎಲ್ಲರಿಗೂ ಹೀಗೇ ಅನಿಸೋದು, ಜನ ನೋಡ್ತಾ ಇಲ್ಲ, ಅದಕ್ಕೆ ಜೋರಾಗಿ ಕೂಗಬೇಕು ಅಂತ. ಆದರೆ ಜನ ನೋಡದೆ ಹೋಗುತ್ತಿರಲಿಲ್ಲ. ನೋಡುವ ಜನವೇ ಆ ರಸ್ತೆಯಲ್ಲಿ ಬರುತ್ತಿರಲಿಲ್ಲ.

ಹೋರ್ಡಿಂಗ್ ವಿಚಾರ ಬೇಗ ಮುಗಿಯಿತು. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗದ ಮಿತಿ 100 ಕಿ.ಮೀ., ಸೆಕೆಂಡಿಗೆ 28 ಮೀಟರ್. ಆ ಓಟದಲ್ಲಿರುವವನು ಒಂದು ಕೆಜಿ ಬೆಲ್ಲಕ್ಕೋಸ್ಕರ ಊರೊಳಗೆ ಇಳಿದು ಸಿಗ್ನಲ್ ದಾಟಿ ಬರ್ತಾನಾ? ಬರಲ್ಲ. ಅನುಮತಿ, ಬಾಡಿಗೆ ಎಲ್ಲ ಆಮೇಲಿನ ಮಾತು. ಯಜಮಾನರು ಸ್ವಲ್ಪ ಹೊತ್ತು ವಾದ ಮಾಡಿ, ಆಮೇಲೆ ಸುಮ್ಮನಾದರು.

ಹಾಗಾದರೆ ಈಗ ಈ ರಸ್ತೆಯಲ್ಲಿ ಯಾರು ಓಡಾಡುತ್ತಾರೆ? ಎದುರುಗಡೆ ಫುಟ್‌ಪಾತಿನಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ. ಊರಿನ ಬೈಕು, ಸ್ಕೂಟಿ. ಆಟೊ. ಊರೊಳಗೆ ನಿಲ್ಲಿಸುವ ಸರ್ಕಾರಿ ಬಸ್ಸು. ಕಬ್ಬಿನ ಟ್ರ್ಯಾಕ್ಟರು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಬಿಡುತ್ತಿಲ್ಲ, ಹಾಗಾಗಿ ಅವರಿಗೆ ಹಳೇ ರಸ್ತೆಯೇ ಗತಿ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಪೇಟೆಗೆ ಬರುವ ಹಳ್ಳಿಯವರು, ಕಾಲೇಜು ಮಕ್ಕಳು, ತರಕಾರಿ ಚೀಲ ಹಿಡಿದು ನಡೆಯುವ ಹೆಂಗಸರು. ಜನ ಕಡಿಮೆಯೇನೂ ಇಲ್ಲ, ಅವರು ನಿಧಾನವಾಗಿ ಹೋಗುವ ಜನ. ದಿನಾ ಅದೇ ದಾರಿಯಲ್ಲಿ ಹೋಗುವ ಜನ.

ಇವರೆಲ್ಲ ಯಾಕೆ ಒಳಗೆ ಬರುತ್ತಿಲ್ಲ ಅಂತ ಹತ್ತಿರದ ಆಟೊ ಸ್ಟ್ಯಾಂಡಿನಲ್ಲಿ ಕೇಳಿದೆ. ಒಬ್ಬರು ನಗುತ್ತಾ ಹೇಳಿದರು: ‘ಅಯ್, ಅದು ಬೆಂಗ್ಳೂರೋರ್ ಅಂಗ್ಡಿ ಕನಣ್ಣೋ, ನಮಗೆಲ್ಲ ಆಗಕಿಲ್ಲ.’ ಏನು ಮಾರುತ್ತಾರೆ ಅಂತ ಕೇಳಿದರೆ, ಬೆಲ್ಲ ಅಂದರು. ಎಣ್ಣೆ ಸಿಗುತ್ತೆ ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ, ಅಲ್ಲಿ ಗಾಣ ತಿರುಗುತ್ತೆ ಅನ್ನೋದೂ ಗೊತ್ತಿರಲಿಲ್ಲ. ದಿನಾ ಆ ಅಂಗಡಿ ಮುಂದೆಯೇ ಹಾದುಹೋಗುವ ಮನುಷ್ಯ!

ಈ ಕೆಲಸದ ತಿರುಳು ನನಗೆ ಅಲ್ಲಿ ಸಿಕ್ಕಿತು. ಮಂಡ್ಯದಲ್ಲಿ ಬೆಲ್ಲ ಅಂತ ಬೋರ್ಡು ಹಾಕಿ ಮಂಡ್ಯದವರನ್ನೇ ಕರೆಯೋದು ಅಂದರೆ ಏನರ್ಥ? ಇಲ್ಲಿ ಅರ್ಧ ಜನಕ್ಕೆ ಯಾವುದೋ ಆಲೆಮನೆಯವರು ನೆಂಟರೋ ಪರಿಚಯದವರೋ ಆಗಿರುತ್ತಾರೆ. ಎಪಿಎಂಸಿ ಯಾರ್ಡಿನಲ್ಲಿ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ರಾಶಿ ಬೀಳುತ್ತೆ. ಬೆಂಗಳೂರಿನವರಿಗೆ ಮಂಡ್ಯ ಬೆಲ್ಲ ಅನ್ನೋದೇ ಒಂದು ಸುದ್ದಿ, ಮಂಡ್ಯದವರಿಗೆ ಅದು ಸುದ್ದಿಯೇ ಅಲ್ಲ. ಅವರಿಗೆ ಸುದ್ದಿ ಆಗಬಹುದಾದದ್ದು ಗಾಣದ ಎಣ್ಣೆ. ಅದಕ್ಕಿಂತ ಹೆಚ್ಚಾಗಿ ಹಿಂಡಿ.

ಹಿಂಡಿ ವಿಷಯ ಯಜಮಾನರ ಹೆಂಡತಿ ಎತ್ತಿದ್ದು. ಕಡ್ಲೆಕಾಯಿ ಗಾಣಕ್ಕೆ ಹಾಕಿ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತೆ, ಅದನ್ನು ಒಬ್ಬ ವ್ಯಾಪಾರಿ ಚೀಲಗಟ್ಟಲೆ ತಗೊಂಡು ಹೋಗುತ್ತಿದ್ದ. ‘ಹಸು ಕಟ್ಟಿರೋರು ಈ ರಸ್ತೇಲೇ ಹೋಗ್ತಾರೆ, ಅವರಿಗೆ ಬಿಡಿಯಾಗಿ ಕೊಟ್ರೆ ಆಗಲ್ವಾ?’ ಅಂದರು. ಮರದ ಗಾಣದ ಹಿಂಡಿಯಲ್ಲಿ ಮಿಲ್ಲಿನ ಹಿಂಡಿಗಿಂತ ಎಣ್ಣೆ ಅಂಶ ಜಾಸ್ತಿ ಉಳಿದಿರುತ್ತೆ, ಹಸು ಸಾಕುವವರಿಗೆ ಇದು ಹೇಳಿಕೊಡಬೇಕಾದ ವಿಷಯ ಅಲ್ಲ. ಅಂಗಡಿಯಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿತ್ತು: ಯಾರಾದರೂ ತಮ್ಮ ಮನೆಯ ಕೊಬ್ಬರಿ, ಎಳ್ಳು, ಹುಚ್ಚೆಳ್ಳು ತಂದರೆ ಕೂಲಿ ತಗೊಂಡು ಎಣ್ಣೆ ತೆಗೆದು ಕೊಡೋದು. ತೆಂಗಿನ ತೋಟ ಇರುವ ಊರಿನಲ್ಲಿ ಇದು ಸಣ್ಣ ವಿಷಯವಾ? ಬೋರ್ಡಿನಲ್ಲಿ ಇದರ ಸುಳಿವೇ ಇರಲಿಲ್ಲ.

ಹೀಗೆ ಬೋರ್ಡಿನ ಮೊದಲ ಮಾತು ಬದಲಾಯಿತು. ದೊಡ್ಡದಾಗಿ ‘ಗಾಣದ ಎಣ್ಣೆ’. ಎರಡನೇ ಸಾಲು ಅದರ ಅರ್ಧ ಗಾತ್ರದಲ್ಲಿ ‘ಹಿಂಡಿ, ಬೆಲ್ಲ’. ಅಂಗಡಿಯ ಹೆಸರು ಎಡಗಡೆ ಮೂಲೆಯಲ್ಲಿ. ಹೆಸರನ್ನು ಮೂಲೆಗೆ ಹಾಕಿದ್ದಕ್ಕೆ ಯಜಮಾನರಿಗೆ ಬೇಜಾರಾಯಿತು, ಮನೆದೇವರ ಹೆಸರು ಬೇರೆ. ಇದು ಎಲ್ಲ ಅಂಗಡಿಯಲ್ಲೂ ನಡೆಯುವ ಜಗಳ. ನಾನು ಹೇಳಿದ್ದು ಇಷ್ಟೇ: ಹೆಸರು ಗೊತ್ತಿದ್ದವರು ಬೋರ್ಡು ನೋಡಿ ಬರಲ್ಲ, ಸೀದಾ ಬರ್ತಾರೆ. ಹೆಸರು ಗೊತ್ತಿಲ್ಲದವರಿಗೆ ಹೆಸರಿನಿಂದ ಏನೂ ತಿಳಿಯಲ್ಲ. ಹಳೇ ಹೋಟೆಲು, ಹಳೇ ಸ್ವೀಟ್ ಅಂಗಡಿಗಳಿಗೆ ಹೆಸರೇ ಸರಕು, ಅದು ಬೇರೆ ಮಾತು. ಕೊನೆಗೆ ದೇವರ ಚಿತ್ರವನ್ನು ಬಾಗಿಲ ಮೇಲೆ ಒಳಮುಖವಾಗಿ ದೊಡ್ಡದಾಗಿ ಹಾಕಿಸಿದ ಮೇಲೆ ಒಪ್ಪಿಕೊಂಡರು.

‘ಆರ್ಗಾನಿಕ್’ ತೆಗೆಯೋಕೆ ಎರಡು ಕಾರಣ. ಒಂದು, ಆಟೊದವರು ಹೇಳಿದ ಹಾಗೆ ಅದು ಓದಿದ ಕೂಡಲೇ ದುಬಾರಿ ಅನ್ನಿಸುತ್ತೆ. ಎರಡನೆಯದು ಕಾನೂನು. 2017ರ ಸಾವಯವ ಆಹಾರ ನಿಯಮಗಳ ಪ್ರಕಾರ ಹಾಗೆ ಹೇಳಿಕೊಂಡು ಮಾರುವ ಆಹಾರಕ್ಕೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ (ಎರಡೂ ಸಾವಯವ ಅಂತ ದೃಢೀಕರಿಸುವ ಸರ್ಕಾರಿ ವ್ಯವಸ್ಥೆಗಳು) ಪ್ರಮಾಣಪತ್ರ ಇರಬೇಕು. ತಾವೇ ಬೆಳೆದು ನೇರವಾಗಿ ಮಾರುವ ಸಣ್ಣ ರೈತರಿಗೆ ವಿನಾಯಿತಿ ಇದೆ, ಆದರೆ ಇವರು ಬೆಲ್ಲ ಕೊಂಡು ಮಾರುವವರು. ಪ್ರಮಾಣಪತ್ರ ಇರಲಿಲ್ಲ. ಸುಮ್ನೆ ತಲೆನೋವು ಯಾಕೆ?

ಭಾಷೆಯ ವಿಷಯದಲ್ಲಿ ಚರ್ಚೆಯೇ ಬೇಕಾಗಲಿಲ್ಲ. 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಳೇ ಬೋರ್ಡು ಇದಕ್ಕೆ ತಲೆಕೆಳಗಾಗಿತ್ತು. ಕಾಯ್ದೆ ಇಲ್ಲದಿದ್ದರೂ ಈಗಿನ ಗಿರಾಕಿಗೆ ಕನ್ನಡವೇ ಬೇಕು. ಕೆಳಗೆ ಒಂದು ಸಣ್ಣ ಸಾಲು ಇಂಗ್ಲಿಷ್ ಉಳಿಸಿಕೊಂಡೆವು, ದಸರಾ ಸಮಯದಲ್ಲಿ ಊರೊಳಗೆ ಬರುವ ಹೊರಗಿನವರಿಗೆ. ಇನ್ನು ಜಿಎಸ್‌ಟಿ ನೋಂದಣಿ ಇರುವವರು ಬಾಗಿಲ ಹತ್ತಿರದ ಬೋರ್ಡಿನಲ್ಲಿ ನಂಬರು ಹಾಕಬೇಕು, ಕಾಂಪೊಸಿಷನ್ ಸ್ಕೀಮಿನಲ್ಲಿದ್ದರೆ (ಸಣ್ಣ ವ್ಯಾಪಾರಿಗಳ ಸರಳ ತೆರಿಗೆ ಯೋಜನೆ) ಅದನ್ನೂ ಬರೆಯಬೇಕು. ಇದನ್ನು ಬಹಳ ಜನ ಮರೆಯುತ್ತಾರೆ, ಆಮೇಲೆ ಒಂದು ಸ್ಟಿಕ್ಕರ್ ಅಂಟಿಸಿ ಬೋರ್ಡಿನ ಅಂದ ಕೆಡಿಸುತ್ತಾರೆ. ನಾವು ಮೊದಲೇ ಬಲಗಡೆ ಕೆಳಮೂಲೆಯಲ್ಲಿ ಜಾಗ ಬಿಟ್ಟೆವು. ಎಫ್‌ಎಸ್‌ಎಸ್‌ಎಐ ಆಹಾರ ಸುರಕ್ಷತಾ ಲೈಸೆನ್ಸು ಒಳಗೆ ಕೌಂಟರ್ ಹಿಂದೆ ಕಾಣುವ ಹಾಗೆ ತೂಗುಹಾಕಿದೆ.

ಈಗ ಅಕ್ಷರದ ಗಾತ್ರ. ನಮ್ಮ ಕಸುಬಿನಲ್ಲಿ ಒಂದು ಲೆಕ್ಕ ಇದೆ, ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಇದ್ದರೆ ಆರಾಮಾಗಿ ಓದಬಹುದು. 60 ಅಡಿ ಆಚೆ ನಿಂತವನಿಗೆ 6 ಇಂಚು. ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಕ್ಕೆ. ಅದನ್ನು ಕನ್ನಡಕ್ಕೆ ಹಾಗೇ ತಂದರೆ ಕೆಟ್ಟ ಹಾಗೆಯೇ. ‘ಎಣ್ಣೆ’ ತಗೊಳ್ಳಿ. ಣೆಯ ತಲೆ ಮೇಲೆ ಎತ್ವ, ಅಡಿಯಲ್ಲಿ ಒತ್ತು. ಸಾಲಿನ ಒಟ್ಟು ಎತ್ತರ 18 ಇಂಚು ಇಟ್ಟರೆ ಅಕ್ಷರದ ಮೈಗೆ ಉಳಿಯೋದು ಸುಮಾರು 10 ಇಂಚು. ಕಣ್ಣು ಓದೋದು ಆ ಮೈಯನ್ನು. ಬೋರ್ಡಿನವರು ‘ಒಂದೂವರೆ ಅಡಿ ಅಕ್ಷರ ಸಾರ್’ ಅಂತ ಹೇಳಿದರೆ ಯಾವುದು ಒಂದೂವರೆ ಅಡಿ ಅಂತ ಕೇಳಬೇಕು. ಬೆಲ್ಲ, ಎಣ್ಣೆ, ಮಂಡ್ಯ, ಎಲ್ಲದರಲ್ಲೂ ಒತ್ತು ಇದೆ ನೋಡಿ, ಒತ್ತಿಗೆ ಜಾಗ ಬಿಡದೆ ಎರಡನೇ ಸಾಲನ್ನು ಹತ್ತಿರ ತಂದರೆ ಮೇಲಿನ ಒತ್ತು ಕೆಳಗಿನ ಎತ್ವಕ್ಕೆ ಗುದ್ದುತ್ತೆ.

ಫಾಂಟು ಇನ್ನೊಂದು. ದ-ಧ, ಡ-ಢ, ಬ-ಭ ಇವುಗಳ ನಡುವೆ ಇರುವ ವ್ಯತ್ಯಾಸ ಅಡಿಯಲ್ಲಿ ಒಂದು ಸೀಳು ಮಾತ್ರ. ತುಂಬಾ ದಪ್ಪ ಫಾಂಟಿನಲ್ಲಿ, ಅದೂ ಒಳಗಿಂದ ಲೈಟು ಉರಿಯುವ ಅಕ್ಷರದಲ್ಲಿ, ಆ ಸೀಳು ಬೆಳಕಿನಲ್ಲಿ ಮುಚ್ಚಿಹೋಗುತ್ತೆ. ತುಂಬಾ ತೆಳ್ಳಗಿದ್ದರೆ ದೂರಕ್ಕೆ ಅಕ್ಷರವೇ ಕಾಣಲ್ಲ. ‘ಬಾಲೂ ತಮ್ಮ’ ಅನ್ನೋ ಕನ್ನಡ ಫಾಂಟಿನ ಮಧ್ಯಮ ದಪ್ಪ ಇಟ್ಟುಕೊಂಡೆ, ಅಕ್ಷರಗಳ ನಡುವೆ ಮಾಮೂಲಿಗಿಂತ ಜಾಸ್ತಿ ಜಾಗ ಬಿಟ್ಟೆ. ಜಾಗ ಬಿಡೋಕೆ ಕಾರಣ ಇದೆ. ರಸ್ತೆಗೆ ಸಮಾನಾಂತರವಾಗಿರುವ ಬೋರ್ಡನ್ನು ಬೈಕಿನವನು ನೇರವಾಗಿ ನೋಡಲ್ಲ, ಓರೆಯಿಂದ ನೋಡುತ್ತಾನೆ. 20 ಡಿಗ್ರಿ ಓರೆಯಿಂದ ನೋಡಿದರೆ ಹನ್ನೆರಡು ಅಡಿ ಬೋರ್ಡು ಅವನ ಕಣ್ಣಿಗೆ ನಾಲ್ಕು ಅಡಿ ಅಷ್ಟೇ. ಒತ್ತೊತ್ತಾಗಿ ಬರೆದ ಅಕ್ಷರ ಆಗ ಒಂದರ ಮೇಲೊಂದು ಹತ್ತಿದ ಹಾಗೆ ಕಾಣುತ್ತೆ.

ಇದೇ ಕಾರಣಕ್ಕೆ ನನ್ನ ಮಟ್ಟಿಗೆ ಈ ಕೆಲಸದಲ್ಲಿ ದುಡ್ಡಿಗೆ ಹೆಚ್ಚು ಬೆಲೆ ಬಂದದ್ದು ದೊಡ್ಡ ಬೋರ್ಡಿನಿಂದ ಅಲ್ಲ, ಪಕ್ಕಕ್ಕೆ ಚಾಚಿಕೊಂಡಿರುವ ಎರಡು ಅಡಿಯ ಪುಟ್ಟ ಬೋರ್ಡಿನಿಂದ. ಫುಟ್‌ಪಾತಿನಲ್ಲಿ ನಡೆಯುವವರಿಗೆ ತಲೆ ಮೇಲಿನ ಬೋರ್ಡು ಕಾಣೋದೇ ಇಲ್ಲ, ಅಂಗಡಿ ದಾಟಿ ಹೋದರೂ ಗೊತ್ತಾಗಲ್ಲ. ಗೋಡೆಗೆ ಅಡ್ಡಲಾಗಿ ನಿಂತ ಬೋರ್ಡು ಅವರ ದಾರಿಗೆ ಎದುರಾಗಿ ಇರುತ್ತೆ. ಎರಡೂ ಮಗ್ಗುಲಲ್ಲಿ ಒಂದೇ ಪದ: ಗಾಣ. ಒತ್ತಿಲ್ಲ, ಎತ್ವ ಇಲ್ಲ, ಎರಡು ಅಡಿ ಚೌಕದಲ್ಲಿ ಭರ್ತಿ ತುಂಬುತ್ತೆ. ಎಂಟು ಅಡಿ ಎತ್ತರದಲ್ಲಿ ಹಾಕಿದ್ದೇವೆ, ಯಾರ ತಲೆಗೂ ತಾಗಲ್ಲ. ಅಂಗಡಿ ಮುಂದೆ ಒಂದು ಹೊಂಗೆ ಮರ ಇದೆ, ‘ಕೊಂಬೆ ಕಡಿಸಿಬಿಡಿ’ ಅಂತ ಸಲಹೆ ಕೊಟ್ಟವರಿದ್ದರು. ಮರ ಕಡಿಯೋಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ, ಮೇಲಾಗಿ ದಕ್ಷಿಣದ ಬಿಸಿಲಿಗೆ ಆ ನೆರಳೇ ಗಿರಾಕಿ ನಿಲ್ಲುವ ಜಾಗ. ಈ ಚಾಚು ಬೋರ್ಡು ಕೊಂಬೆಯ ಕೆಳಗೇ ಬರುವುದರಿಂದ ಮರದ ತಕರಾರೂ ಇಲ್ಲ.

ಮೂರನೆಯದು ಬಾಗಿಲ ಹತ್ತಿರ, ಬೈಕಿನ ಮೇಲೆ ಕೂತವರ ಕಣ್ಣಿನ ಎತ್ತರಕ್ಕೆ, ಒಂದು ಕಪ್ಪು ಹಲಗೆ. ಇದು ಯಜಮಾನರ ಹೆಂಡತಿಯ ಕೈಯಲ್ಲಿದೆ. ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ‘ಇವತ್ತು ಗಾಣದಲ್ಲಿ ಕೊಬ್ಬರಿ. ಕಡ್ಲೆ ಹಿಂಡಿ ಸಿಗುತ್ತೆ. ನಿಮ್ಮ ಕೊಬ್ಬರಿ ತನ್ನಿ, ಎಣ್ಣೆ ತೆಗೆದು ಕೊಡ್ತೀವಿ.’ ಹಿಂಡಿಯ ರೇಟು ದಪ್ಪಗೆ. ದಿನಾ ಅದೇ ದಾರಿಯಲ್ಲಿ ಹೋಗುವವರಿಗೆ ಬದಲಾಗುವ ಬರಹ ಬೇಕು, ಬದಲಾಗದ ಬೋರ್ಡನ್ನು ಅವರ ಕಣ್ಣು ಒಂದು ವಾರಕ್ಕೇ ಮರೆತುಬಿಡುತ್ತೆ. ಯಜಮಾನರು ಕೇಳಿದ್ದ ಓಡುವ ಎಲ್‌ಇಡಿಯ ಕೆಲಸವನ್ನೇ ಈ ಹಲಗೆ ಮಾಡುತ್ತೆ, ಕರೆಂಟಿಲ್ಲದೆ. ಜೊತೆಗೆ ಹಿಂದುಗಡೆ ಗೋಡೆಗೆ ಒತ್ತಿಕೊಂಡಿದ್ದ ಗಾಣವನ್ನು ಮುಂದಕ್ಕೆ ತರಿಸಿದೆವು. ಷೋಕೇಸ್ ಗಾಜಿನ ಮೇಲಿದ್ದ ಸ್ಟಿಕ್ಕರುಗಳನ್ನೆಲ್ಲ ಕೆರೆದು ತೆಗೆದದ್ದಕ್ಕೆ ಈಗ ರಸ್ತೆಯಿಂದಲೇ ಮರದ ಒನಕೆ ತಿರುಗೋದು ಕಾಣುತ್ತೆ, ಕೊಬ್ಬರಿ ಹಾಕಿದ ದಿನ ವಾಸನೆ ಫುಟ್‌ಪಾತಿಗೆ ಬರುತ್ತೆ.

ಸಾಮಗ್ರಿ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಫ್ಲೆಕ್ಸ್ ಅಗ್ಗ, ಹೌದು. ಆದರೆ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲಿ ಹೊರಟ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸೂ ಸೇರಿದೆ, ಎಲ್ಲ ಕಡೆ ನೇತಾಡುತ್ತಿದೆ ಅನ್ನೋದು ಬೇರೆ ವಿಷಯ. ದಕ್ಷಿಣದ ಬಿಸಿಲಿಗೆ ಮೊದಲು ಕೆಂಪು, ಹಳದಿ ಮಾಸುತ್ತೆ, ನೀಲಿ ಉಳಿಯುತ್ತೆ. ಇವರ ಹಳೇ ಬೋರ್ಡಿನ ಕಬ್ಬು ನೀಲಿ ಬಣ್ಣಕ್ಕೆ ತಿರುಗಿತ್ತು. ಎಸಿಪಿ ಶೀಟು (ನಡುವೆ ಪ್ಲಾಸ್ಟಿಕ್ ಇರುವ ಅಲ್ಯೂಮಿನಿಯಂ ಹಾಳೆ), ಅದರ ಮೇಲೆ ಅಕ್ರಿಲಿಕ್ ಅಕ್ಷರ ಹಾಕಿಸಿದೆವು. ಖರ್ಚು ಹಲವು ಪಟ್ಟು ಜಾಸ್ತಿ. ಶೀಟು ಮಿರಿಮಿರಿ ಹೊಳೆಯೋದು ಬೇಡ, ಮ್ಯಾಟ್ ಇರಲಿ ಅಂತ ಹಟ ಹಿಡಿದೆ, ಹೊಳಪಿನ ಶೀಟು ಮಧ್ಯಾಹ್ನ ಕನ್ನಡಿ ಆಗುತ್ತೆ. ಬಣ್ಣ ಆರಿಸಿದ್ದು ಅಕ್ಕಪಕ್ಕ ನೋಡಿ. ಒಂದು ಕಡೆ ಬೇಕರಿ, ಕೆಂಪು-ಹಳದಿ. ಇನ್ನೊಂದು ಕಡೆ ಔಷಧಿ ಅಂಗಡಿ, ಹಸಿರು-ಬಿಳಿ. ನಡುವೆ ಗಾಢ ಕಂದು, ಅದರ ಮೇಲೆ ಹಳದಿ ಅಕ್ಷರ.

ಅಕ್ಷರ ಕತ್ತರಿಸುವವರು ಕಳಿಸಿದ ಮೊದಲ ಪ್ರೂಫ್ ನೋಡಿದರೆ ‘ಎಣ್‌ಣೆ’ ಅಂತ ಬಂದಿತ್ತು. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಅವರ ಹಳೇ ಸಾಫ್ಟ್‌ವೇರು ಸರಿಯಾಗಿ ಓದಲ್ಲ, ಒತ್ತು ಬಿಡಿಬಿಡಿ ಆಗುತ್ತೆ. ಕನ್ನಡದ ಬೋರ್ಡು ಮಾಡಿಸುವವರು ಇದೊಂದನ್ನು ಮಾತ್ರ ಬಿಡಬೇಡಿ: ಪಠ್ಯ ಕಳಿಸಬೇಡಿ, ಅಕ್ಷರವನ್ನು ಗೆರೆಗಳಾಗಿ ಬದಲಾಯಿಸಿದ ಫೈಲು ಕಳಿಸಿ, ಆಮೇಲೆ ಪ್ರೂಫನ್ನು ಕನ್ನಡ ಓದುವವರೊಬ್ಬರು ಅಕ್ಷರಕ್ಕೆ ಅಕ್ಷರ ನೋಡಲಿ. ಅಕ್ರಿಲಿಕ್ ಕತ್ತರಿಸಿದ ಮೇಲೆ ತಿದ್ದೋಕಾಗಲ್ಲ. ಒತ್ತು ಪ್ರತ್ಯೇಕ ತುಂಡಾಗಿ ಕೂರುತ್ತೆ, ಅದಕ್ಕೇ ಪ್ರತ್ಯೇಕ ಸ್ಕ್ರೂ ಬೇಕು, ಬರೀ ಅಂಟು ಹಾಕಿದರೆ ಒಂದು ಮಳೆಗಾಲಕ್ಕೆ ಉದುರುತ್ತೆ. ‘ಬೆಲ’ ಅಂತ ನಿಂತ ಬೋರ್ಡುಗಳನ್ನು ನೀವೂ ನೋಡಿರ್ತೀರಿ.

ಕತ್ತರಿಸೋಕೆ ಮುಂಚೆ ಅದೇ ಗಾತ್ರದಲ್ಲಿ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಹಳೇ ಬೋರ್ಡಿನ ಮೇಲೆ ಅಂಟಿಸಿದೆವು. ಆಟೊ ಸ್ಟ್ಯಾಂಡಿನಿಂದ ಓದಿಸಿ ನೋಡಿದೆ. ‘ಗಾಣದ ಎಣ್ಣೆ’ ಎಲ್ಲರೂ ಓದಿದರು, ಎರಡನೇ ಸಾಲಿನ ‘ಹಿಂಡಿ’ಯನ್ನು ಒಬ್ಬರು ‘ಹಿಂದಿ’ ಅಂತ ಓದಿ, ಇಲ್ಲೇನು ಟ್ಯೂಷನ್ನಾ ಅಂದರು. ನಗು ಬಂತು, ಆದರೆ ಅದು ಸರಿಯಾದ ದೂರು. ‘ಹಸುವಿನ ಹಿಂಡಿ’ ಅಂತ ಮಾಡಿದೆವು.

ಆರು ತಿಂಗಳ ಮೇಲಾಯಿತು. ಮೊದಲು ಬಂದದ್ದು ಹಿಂಡಿಯವರು, ಚಾಚು ಬೋರ್ಡಿಗಿಂತ ಹಲಗೆ ನೋಡಿಯೇ ಜಾಸ್ತಿ. ಹಿಂಡಿಗೆ ಬಂದವರಲ್ಲಿ ಕೆಲವರು ಮನೆಯ ಕೊಬ್ಬರಿ ತಂದರು, ಅವರ ಹೆಂಗಸರು ಅಡುಗೆಗೆ ಕಡ್ಲೆಕಾಯಿ ಎಣ್ಣೆ ಶುರು ಮಾಡಿದರು. ಬೆಲ್ಲದ ವ್ಯಾಪಾರ ಹಿಂದಿನ ಮಟ್ಟಕ್ಕೆ ಬಂದಿಲ್ಲ, ಬರೋದೂ ಇಲ್ಲ. ಕಾರಿನವರಿಂದ ಒಂದೇ ಸಲಕ್ಕೆ ಬರುತ್ತಿದ್ದ ದುಡ್ಡು ಈಗ ಸಣ್ಣಸಣ್ಣದಾಗಿ ಬರುತ್ತೆ, ಲಾಭವೂ ತೆಳ್ಳಗೆ. ಆದರೆ ಭಾನುವಾರಕ್ಕೆ ಕಾಯುವ ಹಾಗಿಲ್ಲ, ಸೋಮವಾರವೂ ಗಿರಾಕಿ ಇದ್ದಾರೆ. ಫುಟ್‌ಪಾತಿನಲ್ಲಿ ಕಾಲಿನ ಮೇಲೆ ನಿಲ್ಲಿಸಿದ್ದ ಒಂದು ಬೋರ್ಡನ್ನು ಮಾತ್ರ ತೆಗೆಸಿದೆವು, ನಡೆಯುವವರಿಗೆ ಅಡ್ಡ ಆಗುತ್ತಿತ್ತು. ಬೋರ್ಡಿನಲ್ಲಿ ಹಾಕಿಸಿದ ಕ್ಯೂಆರ್ ಕೋಡನ್ನು ಇವತ್ತಿನವರೆಗೂ ಯಾರೂ ಸ್ಕ್ಯಾನ್ ಮಾಡಿದ್ದು ಅಂಗಡಿಯವರು ನೋಡಿಲ್ಲ.

ನೋಡಿಕೊಳ್ಳೋದು ಕಷ್ಟ ಇಲ್ಲ. ಬೋರ್ಡು ಬೆಳಗಿಸುವ ಎಲ್‌ಇಡಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಡಬ್ಬಿಯನ್ನು ಬೋರ್ಡಿನ ಹಿಂದೆ ಇಡದೆ ಅಂಗಡಿ ಒಳಗೆ ಮೇನ್ ಸ್ವಿಚ್ಚಿನ ಪಕ್ಕ ಹಾಕಿಸಿದ್ದೇವೆ. ಮೊದಲು ಕೆಡೋದು ಅದೇ. ಕೆಟ್ಟರೆ ಏಣಿ ಹಾಕಿಸುವ ಕೆಲಸ ಇಲ್ಲ, ಗಾಣದ ಹುಡುಗನೇ ಬದಲಾಯಿಸುತ್ತಾನೆ.